ಕುರ್ಚಿಯಲ್ಲಿ ಕೂತವರಿಗೆ ವರ್ಷ, ಬಾಗಿಲಲ್ಲಿ ನಿಂತವರಿಗೆ ನಿಮಿಷ

ಬೆಂಗಳೂರಿನ ಕಂಪನಿಗಳು ‘ಅನಲಿಸ್ಟ್’ ಅನ್ನುತ್ತವಲ್ಲ, ಆ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳೋಣ. ಹೆಸರು ಕೇಳಿದರೇ ಹೆದರಿಕೆಯಾಗುತ್ತದೆ. ಆದರೆ ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಅಲ್ಲಿ ಮಾಡುವುದು ಇಷ್ಟು: ಎಲ್ಲಿಂದಲೋ ಬಂದ ಲೆಕ್ಕದ ಪಟ್ಟಿಯನ್ನು ಕಂಪ್ಯೂಟರಿನ ಚೌಕಳಿ ಹಾಳೆಯಲ್ಲಿ ಹರವಿಕೊಳ್ಳುವುದು, ಎರಡೆರಡು ಸಲ ಬಂದ ಸಾಲು ತೆಗೆಯುವುದು, ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ತಾಳೆ ನೋಡುವುದು, ಕೂಡಿ ಕಳೆದು ಮೇಲಿನವರಿಗೆ ಒಂದು ಪುಟದಲ್ಲಿ ಒಪ್ಪಿಸುವುದು. ಆ ಚೌಕಳಿ ಹಾಳೆಗೆ ಎಕ್ಸೆಲ್ ಅಂತ ಹೆಸರು. ನಮ್ಮ ಕಡೆ ಮಂಡಿಯಲ್ಲಿ ಗುಮಾಸ್ತರು ಮಾಡುತ್ತಿದ್ದ ಕೆಲಸ. ಹಳ್ಳಿಯಲ್ಲಿ ಶಾನುಭೋಗರು ಮಾಡುತ್ತಿದ್ದ ಕೆಲಸ.

ಶಾನುಭೋಗರ ಮಾತು ಬಂತು. ಆ ಹುದ್ದೆ ಅಪ್ಪನಿಂದ ಮಗನಿಗೆ ಇಳಿದು ಬರುತ್ತಿತ್ತು. ಅದೇ ಊರಿನ ತೋಟಿಯ ಕೆಲಸವೂ ಅಪ್ಪನಿಂದ ಮಗನಿಗೇ. ಹೊಲ ಅಳೆಯುವಾಗ ಸರಪಳಿ ಎಳೆದವನು ತೋಟಿ, ಪುಸ್ತಕದಲ್ಲಿ ಬರೆದವನು ಶಾನುಭೋಗ. ಸರಪಳಿ ಹಿಡಿದವನಿಗೆ ಅಳತೆ ಎಷ್ಟು ಬಂತು ಅಂತ ಗೊತ್ತು, ಪುಸ್ತಕದಲ್ಲಿ ಎಷ್ಟು ಬರೆದರು ಅಂತ ಗೊತ್ತಿಲ್ಲ. ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬರುವವರೆಗೆ ಕಾನೂನೇ ಇದನ್ನು ಕಾಯುತ್ತಿತ್ತು. ಲೆಕ್ಕ ಬರೆಯುವುದಕ್ಕೆ ಹುಟ್ಟೇ ಅರ್ಹತೆಯಾಗಿದ್ದಾಗ ‘ಸ್ಕಿಲ್ ಎಲ್ಲಿ?’ ಅಂತ ಒಬ್ಬರೂ ಕೇಳಲಿಲ್ಲ. ಸರಪಳಿ ಎಳೆದವನ ಮೊಮ್ಮಗಳು ಬಿ.ಕಾಂ. ಮುಗಿಸಿ ಬಂದು ನಾನು ಲೆಕ್ಕ ಬರೆಯುತ್ತೇನೆ ಅಂದ ದಿನ ಎಲ್ಲರಿಗೂ ಸ್ಕಿಲ್ ನೆನಪಾಯಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಈ ಪರೀಕ್ಷೆ ಬರೆದು ಬಂದ ಹುಡುಗರನ್ನು ಕೂರಿಸಿಕೊಂಡು ಕೇಳಿದ್ದೇನೆ. ಎಲ್ಲರ ಕತೆಯೂ ಹೆಚ್ಚು ಕಡಿಮೆ ಒಂದೇ. ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ನಲವತ್ತು ನಿಮಿಷ. ಕ್ಯಾಮೆರಾ ಮುಂದೆ ಕೂರಬೇಕು, ಆಚೀಚೆ ನೋಡಿದರೆ ಎಚ್ಚರಿಕೆ. ಏನು ಕೇಳುತ್ತಾರೆ ಅಂತ ಮುಂಚೆ ಹೇಳುವುದಿಲ್ಲ. ಪ್ರಶ್ನೆ ಇಂಗ್ಲಿಷಿನಲ್ಲಿ, ಅದೂ ಕಂಪನಿ ಇಂಗ್ಲಿಷು. ಒಬ್ಬಳು ಹೇಳಿದಳು: “ಅಣ್ಣ, ಲೆಕ್ಕ ಗೊತ್ತಿತ್ತು. ಏನು ಕೇಳ್ತಾವ್ರೆ ಅಂತ ತಿಳಿಯೋ ಹೊತ್ಗೆ ಟೈಮೇ ಮುಗಿದೋಯ್ತು.” ಅವಳು ಎಕ್ಸೆಲ್ ಕಲಿತದ್ದು ಅಂಗೈ ಅಗಲದ ಫೋನಿನಲ್ಲಿ. ಪರೀಕ್ಷೆಯಲ್ಲಿ ಕೇಳಿದ್ದು ಕೀಬೋರ್ಡಿನಲ್ಲಿ ಯಾವ ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಏನಾಗುತ್ತದೆ ಅಂತ. ಫೋನಿನಲ್ಲಿ ಆ ಗುಂಡಿಗಳೇ ಇಲ್ಲ.

ಎಷ್ಟು ಮನೆಗಳಲ್ಲಿ ಇವೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ೨೦೧೭–೧೮ರಲ್ಲಿ ಎಣಿಸಿದಾಗ ದೇಶದ ಹಳ್ಳಿಗಳಲ್ಲಿ ನೂರಕ್ಕೆ ೪.೪ ಮನೆಗಳಲ್ಲಿ ಕಂಪ್ಯೂಟರ್ ಇತ್ತು, ಪಟ್ಟಣಗಳಲ್ಲಿ ೨೩.೪ ಮನೆಗಳಲ್ಲಿ. ಆ ಹೊತ್ತಿಗೆ ಶಾಲೆಯಲ್ಲಿದ್ದ ಮಕ್ಕಳೇ ಈಗ ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತಿರುವವರು. ೨೦೧೧ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನ ಪರಿಶಿಷ್ಟ ಜಾತಿ, ಪಂಗಡದವರು. ಇವರ ಹಟ್ಟಿಗಳಲ್ಲಿ ಕಂಪ್ಯೂಟರ್ ಹುಡುಕಿಕೊಂಡು ಹೊರಟರೆ ಸಂಜೆಯೊಳಗೆ ಎಷ್ಟು ಸಿಕ್ಕಾವು? ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೆ ಆಡಿ ಬೆಳೆದವನಿಗೆ ಆ ಮೂರು ಗುಂಡಿ ಬೆರಳಿನಲ್ಲೇ ಇರುತ್ತವೆ. ಅವನು ಅದನ್ನು ಕಲಿತೆ ಅಂತ ಕೂಡ ಅಂದುಕೊಳ್ಳುವುದಿಲ್ಲ. ಪರೀಕ್ಷೆ ಅದನ್ನು ಪ್ರತಿಭೆ ಅಂತ ಬರೆದುಕೊಳ್ಳುತ್ತದೆ. ನಮ್ಮ ಹುಡುಗಿ ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಸೆಂಟರಿಗೆ ದುಡ್ಡು ಕಟ್ಟಿ, ಬಸ್ಸಿಗೆ ದುಡ್ಡು ಕೊಟ್ಟು, ದಿನಕ್ಕೆ ಒಂದು ಗಂಟೆ ಕಲಿತು ಬರಬೇಕು. ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ಹೀಗೇ ದುಡ್ಡು ಕಟ್ಟಿದೆವು. ಯಂತ್ರ ಬದಲಾಗಿದೆ, ಕಟ್ಟುವವರು ಬದಲಾಗಿಲ್ಲ.

ಈಗ ಸರ್ಕಾರದ ಕಡೆ ನೋಡಿ. ೨೦೧೨ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಮಾಡಿತು. ಪಾಸಾಗದಿದ್ದರೆ ಬಡ್ತಿ ಇಲ್ಲ, ಇನ್‌ಕ್ರಿಮೆಂಟ್ ಇಲ್ಲ ಎಂದಿತು. ಒಳ್ಳೆಯದೇ. ಆದರೆ ಆ ಪರೀಕ್ಷೆಗೆ ವರ್ಷಗಟ್ಟಲೆ ಅವಧಿ ಇತ್ತು. ಸಾಲದು ಅಂತ ಗಡುವನ್ನು ಹಲವು ಸಲ ಮುಂದಕ್ಕೆ ಹಾಕಿದರು. ನೌಕರರ ಸಂಘ ಕೇಳಿತು, ಸರ್ಕಾರ ಕೊಟ್ಟಿತು. ಅವರಿಗೆ ಸಂಬಳ ಬರುತ್ತಿತ್ತು, ಕಚೇರಿಯಲ್ಲಿ ಕಂಪ್ಯೂಟರ್ ಇತ್ತು, ಪಕ್ಕದ ಮೇಜಿನಲ್ಲಿ ಹೇಳಿಕೊಡುವ ಜೊತೆಗಾರರಿದ್ದರು. ಆದರೂ ಕಾಲಾವಕಾಶ ಬೇಕು ಅಂದರು, ಸಿಕ್ಕಿತು. ನನಗೆ ಆ ನೌಕರರ ಮೇಲೆ ಸಿಟ್ಟಿಲ್ಲ. ದೊಡ್ಡವರಾದ ಮೇಲೆ ಹೊಸ ಯಂತ್ರ ಕಲಿಯಲು ಹೊತ್ತು ಹಿಡಿಯುತ್ತದೆ ಎಂಬುದು ಮನುಷ್ಯರಿಗೆ ಸಹಜ. ನಾನು ಕೇಳುವುದು ಒಂದೇ. ಒಳಗೆ ಕುರ್ಚಿಯಲ್ಲಿ ಕೂತವನಿಗೆ ಕಲಿಯಲು ವರ್ಷಗಳು ಬೇಕು ಅಂತ ಒಪ್ಪುವ ಸಮಾಜ, ಬಾಗಿಲಲ್ಲಿ ನಿಂತ ಹುಡುಗಿಗೆ ನಲವತ್ತು ನಿಮಿಷ ಸಾಕು ಅಂತ ಹೇಗೆ ಅಂದೀತು?

ಹೊರಗಿನವರನ್ನು ಒಳಗೆ ತೆಗೆದುಕೊಳ್ಳುವಾಗ ಸರ್ಕಾರವೂ ಬೇರೆಯೇ. ‘ಸಿ’ ಗುಂಪಿನ ಹುದ್ದೆಗಳಿಗೆ ಬರೆಸುವ ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್ ಪತ್ರಿಕೆಯಲ್ಲಿ ಕಂಪ್ಯೂಟರ್ ಜ್ಞಾನವನ್ನೂ ಸೇರಿಸಿದ್ದಾರೆ. ಅದನ್ನು ಬರೆಯುವುದು ಓಎಂಆರ್ ಹಾಳೆಯ ಮೇಲೆ, ಬಾಲ್ ಪೆನ್ನಿನಲ್ಲಿ ಗುಂಡು ತುಂಬಿ. ಕಂಪ್ಯೂಟರ್ ಮುಟ್ಟದೆ ಕಂಪ್ಯೂಟರ್ ಪರೀಕ್ಷೆ ಪಾಸಾಗಬಹುದು. ನಮ್ಮ ಹುಡುಗರು ಗೈಡು ಬಾಯಿಪಾಠ ಮಾಡಿ ಪಾಸೂ ಆಗುತ್ತಾರೆ. ಈಜು ಬರುತ್ತದೋ ಅಂತ ಮಾರಿಕಣಿವೆಯ ದಂಡೆ ಮೇಲೆ ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ.

ಹಾಗಾದರೆ ಕಂಪನಿಯವರ ಪರೀಕ್ಷೆಯಲ್ಲಿ ಏನೂ ಹುರುಳಿಲ್ಲವೇ? ಇದೆ. ಅದನ್ನು ನಾವು ಸರಿಯಾಗಿ ತಿಳಿಯಬೇಕು, ಇಲ್ಲದಿದ್ದರೆ ಬರೀ ಬೈದು ಕೂರುತ್ತೇವೆ. ವಿಲುಕಪ್ ಅಂತ ಒಂದು ಸೂತ್ರವಿದೆ. ಹಾಸ್ಟೆಲ್ ವಾರ್ಡನ್ನರು ಹಾಜರಿ ಪುಸ್ತಕದ ನೋಂದಣಿ ಸಂಖ್ಯೆಯನ್ನು ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕುತ್ತಾರಲ್ಲ, ಅದೇ ಕೆಲಸ. ಆ ಸೂತ್ರದಲ್ಲಿ ನಾಲ್ಕು ಜಾಗ. ಯಾವುದನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಷ್ಟನೇ ಕಾಲಮ್ಮಿನಿಂದ ಉತ್ತರ ತರಬೇಕು, ಕೊನೆಗೆ ಸಂಖ್ಯೆ ತಕ್ಕಂತೆ ತಾಳೆಯಾಗಬೇಕೋ ಹತ್ತಿರದ್ದಾದರೂ ನಡೆಯುತ್ತದೋ. ನಾಲ್ಕನೇ ಜಾಗ ಬಿಟ್ಟುಬಿಟ್ಟರೆ ಹತ್ತಿರದ್ದೇ ನಡೆಯುತ್ತದೆ ಅಂತ ಎಕ್ಸೆಲ್ ತಾನೇ ಅಂದುಕೊಳ್ಳುತ್ತದೆ. ಪಟ್ಟಿಯನ್ನು ಕ್ರಮವಾಗಿ ಜೋಡಿಸಿಲ್ಲದಿದ್ದರೆ ಒಬ್ಬಳ ಸ್ಕಾಲರ್‌ಶಿಪ್ ಇನ್ನೊಬ್ಬಳ ಹೆಸರಿನ ಮುಂದೆ ಬಂದು ಕೂತುಬಿಡಬಹುದು. ತಪ್ಪಾಗಿದೆ ಅಂತ ಯಂತ್ರ ಕೂಗುವುದಿಲ್ಲ. ಆದ್ದರಿಂದ ಆ ನಾಲ್ಕನೇ ಜಾಗ ಗೊತ್ತಿರಬೇಕು, ನಿಜ. ಆದರೆ ಅದನ್ನು ಕೇಳುವ ಬಗೆ ಎರಡು. ‘ನಾಲ್ಕನೇ ಜಾಗದ ಹೆಸರೇನು, ನಲವತ್ತು ಸೆಕೆಂಡಿನಲ್ಲಿ ಹೇಳು’ ಅನ್ನುವುದು ಒಂದು. ತಪ್ಪಿರುವ ಪಟ್ಟಿಯನ್ನು ಮುಂದಿಟ್ಟು ‘ಈ ಲೆಕ್ಕ ನಂಬಬಹುದೇನಮ್ಮಾ, ನೋಡು’ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಲ್ಯಾಪ್‌ಟಾಪ್ ಇದ್ದವನು ಗೆಲ್ಲುತ್ತಾನೆ. ಎರಡನೆಯದರಲ್ಲಿ, ಪಟ್ಟಿಯಲ್ಲಿ ತನ್ನ ಹೆಸರು ತಪ್ಪಿದ್ದರಿಂದ ಒಂದು ವರ್ಷ ಸ್ಕಾಲರ್‌ಶಿಪ್ ಇಲ್ಲದೆ ಓದಿದವಳು ಗೆಲ್ಲುತ್ತಾಳೆ.

ಸಂಶಯಪಡುವುದೇ ಈ ಕೆಲಸದ ಹೊಟ್ಟೆ. ೨೦೧೦ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ದೇಶದ ಸಾಲ ಅದರ ವರಮಾನದ ನೂರಕ್ಕೆ ತೊಂಬತ್ತು ದಾಟಿದರೆ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ೦.೧ರಷ್ಟು ಇಳಿತ, ಅಂತ ಅದರ ಲೆಕ್ಕ. ಬಡವರ ಖರ್ಚು ಕಡಿಯಬೇಕು ಎನ್ನುವ ಮಂತ್ರಿಗಳು ಅದನ್ನು ತಲೆ ಮೇಲೆ ಹೊತ್ತು ಮೆರೆಸಿದರು. ೨೦೧೩ರಲ್ಲಿ ಮ್ಯಾಸಚೂಸೆಟ್ಸಿನ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಲೆಕ್ಕದ ಎಕ್ಸೆಲ್ ಹಾಳೆಯನ್ನೇ ಕೇಳಿ ತರಿಸಿಕೊಂಡು ನೋಡಿದ. ಇಪ್ಪತ್ತು ದೇಶಗಳ ಸರಾಸರಿ ತೆಗೆಯುವ ಸೂತ್ರ ಹದಿನೈದನೇ ದೇಶಕ್ಕೇ ನಿಂತುಬಿಟ್ಟಿತ್ತು! ಐದು ದೇಶ ಹೊರಗೆ. ಬಿಟ್ಟ ವರ್ಷಗಳು, ತೂಕ ಕೊಟ್ಟ ರೀತಿ ಎಲ್ಲ ಸೇರಿಸಿ ಅವನೂ ಅವನ ಇಬ್ಬರು ಪ್ರಾಧ್ಯಾಪಕರೂ ಸರಿಪಡಿಸಿದಾಗ ಬಂದದ್ದು ೨.೨ರಷ್ಟು ಬೆಳವಣಿಗೆ. ಆ ಪಂಡಿತರಿಗೆ ನಲವತ್ತು ನಿಮಿಷದ ಪರೀಕ್ಷೆ ಕೊಟ್ಟಿದ್ದವರು ಯಾರು? ೨೦೨೦ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ನಮೂನೆಯ ಎಕ್ಸೆಲ್ ಹಾಳೆಯ ಸಾಲು ತುಂಬಿಹೋಗಿ ಸುಮಾರು ೧೬,೦೦೦ ಕೊರೋನಾ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಅಲ್ಲಿ ಕೂತಿದ್ದವರೂ ಸ್ಕಿಲ್ ಇದ್ದವರೇ.

ಈ ‘ದಕ್ಷತೆ’ಯ ರಾಗ ನಮ್ಮ ನಾಡಿಗೆ ಹೊಸದಲ್ಲ. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಹೀಗೆ ಮಾಡಿದರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬ ಕೂಗೆದ್ದಿತು. ದಿವಾನ್ ವಿಶ್ವೇಶ್ವರಯ್ಯನವರಿಗೂ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಮರುವರ್ಷ ವರದಿ ಕೊಟ್ಟ ಮಿಲ್ಲರ್ ಸಮಿತಿ, ದಕ್ಷತೆಯನ್ನು ಬರೀ ಓದಿನ ಅಂಕದಿಂದ ಅಳೆಯಲಾಗದು, ಜನರ ಮೇಲಿನ ಕಾಳಜಿ, ಪ್ರಾಮಾಣಿಕತೆ, ಹುರುಪು, ವಿವೇಕ ಕೂಡ ಅಧಿಕಾರಿಯ ದಕ್ಷತೆಯೇ ಎಂಬ ಅರ್ಥದ ಮಾತು ಹೇಳಿತು. ನೂರು ವರ್ಷ ದಾಟಿತು. ದಕ್ಷತೆ ಅನ್ನುವ ಪದ ಹೋಗಿ ಸ್ಕಿಲ್ ಬಂದಿದೆ.

ಇನ್ನೂ ಹತ್ತಿರಕ್ಕೆ ಬನ್ನಿ. ೨೦೨೪ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಮಸೂದೆ ಒಪ್ಪಿತು. ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦, ಉಳಿದ ಹುದ್ದೆಗಳಲ್ಲಿ ನೂರಕ್ಕೆ ೭೦ ಸ್ಥಳೀಯರಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಓದಿಲ್ಲದವರು ಒಂದು ಕನ್ನಡ ಪರೀಕ್ಷೆ ಪಾಸು ಮಾಡಬೇಕು ಎಂದೂ ಅದರಲ್ಲಿತ್ತು. ಅಬ್ಬಬ್ಬಾ, ಏನು ಗದ್ದಲ! ಉದ್ಯಮಿಗಳು ಎದ್ದು ನಿಂತರು, ಕಂಪನಿಗಳು ರಾಜ್ಯ ಬಿಟ್ಟು ಹೋಗುತ್ತವೆ ಅಂದರು. ವಾರ ಕಳೆಯುವುದರೊಳಗೆ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆ ಮಸೂದೆಯ ತಪ್ಪು ಒಪ್ಪುಗಳ ಚರ್ಚೆ ಬೇರೆ. ದಲಿತ ಎಂಬ ಮಾತೇ ಇಲ್ಲದ ಬರೀ ‘ಸ್ಥಳೀಯ’ ಎಂಬ ಮೀಸಲಾತಿಯಿಂದ ನಮ್ಮ ಹಟ್ಟಿಗೆ ಎಷ್ಟು ಬರುತ್ತಿತ್ತೋ ಅದೂ ಅನುಮಾನವೇ. ಆದರೆ ಇಷ್ಟು ಗಮನಿಸಿ. ಕನ್ನಡ ನಾಡಿನಲ್ಲಿ ಕೆಲಸ ಮಾಡುವವನಿಗೆ ಕನ್ನಡದ ಪರೀಕ್ಷೆ ಅಂದರೆ ಅದು ಅನ್ಯಾಯ, ಗೋಡೆ, ಪ್ರತಿಭೆಗೆ ಅಡ್ಡಿ. ಹೊಸದುರ್ಗದ ಹುಡುಗಿಗೆ ಇಂಗ್ಲಿಷಿನಲ್ಲಿ, ಮನೆಯಲ್ಲಿಲ್ಲದ ಯಂತ್ರದ ಮೇಲೆ, ಮುಂಚೆ ತಿಳಿಸದ ಪ್ರಶ್ನೆಗಳ ಪರೀಕ್ಷೆ ಅಂದರೆ ಅದು ಶುದ್ಧ ಪ್ರತಿಭೆಯ ಶೋಧ!

ನಮ್ಮವರಲ್ಲೇ ಕೆಲವು ಗೆಳೆಯರು ಹೇಳುತ್ತಾರೆ: ಪರೀಕ್ಷೆಯೇ ಬೇಡ, ಸರ್ಟಿಫಿಕೇಟ್ ನೋಡಿ ಕೆಲಸ ಕೊಡಲಿ, ಮಾತಾಡಿಸಿ ತೆಗೆದುಕೊಳ್ಳಲಿ. ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಮಾತಾಡಿಸಿದರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲವೇ? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಒಂದೇ ಬಗೆಯ ಓದು, ಒಂದೇ ಬಗೆಯ ಅನುಭವ ಬರೆದ ಅರ್ಜಿಗಳನ್ನು ಬೇರೆ ಬೇರೆ ಜಾತಿ ಸೂಚಿಸುವ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿನದಕ್ಕಿಂತ ಮೂರರಲ್ಲೊಂದು ಪಾಲಿನಷ್ಟು ಕಡಿಮೆ ಇತ್ತು. ಮುಸ್ಲಿಂ ಹೆಸರಿಗೆ ಅದಕ್ಕಿಂತಲೂ ಕಡಿಮೆ. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿದಾಗ, ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಕೇಳುವುದು ಅವರಿಗೆ ತೀರ ಸಹಜವಾದ ಸಂಗತಿಯಾಗಿತ್ತು. ಅಪ್ಪ ಏನು ಮಾಡ್ತಾರೆ? ಊರಲ್ಲಿ ಮನೆ ಎಲ್ಲಿ? ಈ ಪ್ರಶ್ನೆಗಳ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಕ್ಸೆಲ್ ಹಾಳೆಗೆ ಅಪ್ಪನ ಕಸುಬು ಬೇಕಾಗಿಲ್ಲ. ಹೆಸರು ಮುಚ್ಚಿ, ಊರು ಮುಚ್ಚಿ, ಬರೀ ಮಾಡಿದ ಲೆಕ್ಕ ನೋಡಿ ಅಂಕ ಕೊಡುವ ಪರೀಕ್ಷೆ ಇದ್ದರೆ ಅದು ಸಂದರ್ಶನದ ಕೋಣೆಗಿಂತ ನಮಗೆ ಸಾವಿರ ಪಾಲು ವಾಸಿ. ಅದಕ್ಕೇ ಪರೀಕ್ಷೆ ಬೇಕು ಅನ್ನುತ್ತೇನೆ. ಎಂಥ ಪರೀಕ್ಷೆ ಎಂಬುದೇ ಜಗಳ.

ತೆಗೆದುಕೊಂಡು, ಸಂಬಳ ಕೊಟ್ಟು, ಕಲಿಸಿ, ಆಮೇಲೆ ಪರೀಕ್ಷೆ ಮಾಡಲಿ ಅಂದರೆ ಕೆಲವರು ೨೦೨೫ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಲ್ಲಿ ಆದದ್ದನ್ನು ಎತ್ತುತ್ತಾರೆ. ಅಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿ ಹುಡುಗರನ್ನು ಒಳಗಿನ ಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂದು ಹೊರಗೆ ಕಳಿಸಿದರು. ಮೂರು ಅವಕಾಶ ಕೊಟ್ಟಿದ್ದೆವು ಎಂದಿತು ಕಂಪನಿ. ಕೆಲಸದ ಪತ್ರ ಸಿಕ್ಕಿ ಎರಡು ವರ್ಷ ಕಾದು ಸೇರಿದವರು ಅವರಲ್ಲಿದ್ದರು. ಕಲಿಸುತ್ತೇವೆ ಎಂಬ ಮಾತಿಗೂ ಕಾವಲು ಬೇಕು ಎಂಬುದನ್ನು ಅದು ತೋರಿಸುತ್ತದೆ, ನಿಜ. ಕಲಿಸದೆಯೇ ಬಾಗಿಲಲ್ಲಿ ತಡೆಯುವುದು ಸರಿ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಈ ಕುರ್ಚಿ ನಮಗೆ ಯಾಕೆ ಬೇಕು? ಸಂಬಳಕ್ಕೆ, ಹೌದು. ಅಡಿಕೆ ಸುಲಿದು, ಈರುಳ್ಳಿ ಹೆಚ್ಚಿ, ಅದಿರಿನ ಲಾರಿಯ ಧೂಳು ಕುಡಿದು ಮಕ್ಕಳನ್ನು ಓದಿಸಿದ ತಾಯಂದಿರಿಗೆ ಸಂಬಳ ಸಣ್ಣ ಮಾತಲ್ಲ. ಅದರಾಚೆಗೂ ಇದೆ. ೨೦೨೨–೨೩ರ ಒಂದೇ ವರ್ಷದಲ್ಲಿ ಉದ್ಯೋಗ ಖಾತ್ರಿಯ ಪಟ್ಟಿಯಿಂದ ದೇಶದಲ್ಲಿ ಐದು ಕೋಟಿಗೂ ಹೆಚ್ಚು ಕೂಲಿಕಾರರ ಹೆಸರು ಅಳಿಸಿತ್ತು ಎಂದು ಸರ್ಕಾರವೇ ೨೦೨೩ರ ಜುಲೈನಲ್ಲಿ ಸಂಸತ್ತಿಗೆ ಹೇಳಿತು. ಅಳಿಸಿದ್ದು ಗುದ್ದಲಿ ಅಲ್ಲ, ಕೀಬೋರ್ಡು. ಒಳಮೀಸಲಾತಿಗಾಗಿ ನಮ್ಮವರು ಮೂವತ್ತು ವರ್ಷ ಬೀದಿಯಲ್ಲಿ ಕೂತರು. ೨೦೨೪ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆ ಅಧಿಕಾರ ಇದೆ ಅಂದಾಗ ಜೊತೆಗೆ ಕೇಳಿದ್ದು ಅಂಕಿಅಂಶ. ೨೦೨೫ರಲ್ಲಿ ನಾಗಮೋಹನ ದಾಸ್ ಆಯೋಗ ಮನೆ ಮನೆಗೆ ಹೋಗಿ ಎಣಿಸಬೇಕಾಯಿತು. ಘೋಷಣೆಯಿಂದ ಶುರುವಾದ ಹೋರಾಟ ಕೊನೆಗೆ ಪಟ್ಟಿಯ ಸಾಲಿಗೆ, ಕಾಲಮ್ಮಿಗೆ ಬಂದು ನಿಲ್ಲುತ್ತದೆ. ಆ ಪಟ್ಟಿ ಮಾಡುವ ಕೋಣೆಯಲ್ಲಿ ನಮ್ಮವರು ಯಾರೂ ಇಲ್ಲದಿದ್ದರೆ ಮತ್ತೆ ಸರಪಳಿ ಹಿಡಿದವರಾಗಿಯೇ ಉಳಿಯುತ್ತೇವೆ.

ಕಂಪನಿಗಳನ್ನು ಕೇಳಬೇಕಾದ್ದು ದೊಡ್ಡ ದಾನವೇನಲ್ಲ. ಏನು ಕೇಳುತ್ತೀರಿ ಅಂತ ಒಂದು ತಿಂಗಳು ಮುಂಚೆ ಹೇಳಿ, ಅಂಥದೇ ಒಂದು ಹಾಳೆಯನ್ನು ಅಭ್ಯಾಸಕ್ಕೆ ಕೊಡಿ. ಪ್ರಶ್ನೆ ಕನ್ನಡದಲ್ಲೂ ಇರಲಿ. ಸೂತ್ರದ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅಡ್ಡಿಯಿಲ್ಲ. ಸೂತ್ರ ಮರೆತರೆ ಹುಡುಕಿ ನೋಡಲು ಬಿಡಿ. ನಿಮ್ಮ ಕಚೇರಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ದಿನಕ್ಕೆ ಹತ್ತು ಸಲ ಹುಡುಕಿಯೇ ಬರೆಯುತ್ತಾರೆ. ಅಂಕ ಹಾಕುವವರಿಗೆ ಹೆಸರು ಕಾಣದಿರಲಿ. ಫೇಲಾದವರಿಗೆ ಎಲ್ಲಿ ತಪ್ಪಾಯಿತು ಅಂತ ತಿಳಿಸಿ. ಈಗ ಬರುವುದು ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು, ಎಷ್ಟೋ ಸಲ ಅದೂ ಬರುವುದಿಲ್ಲ. ಮತ್ತೆ ಪರೀಕ್ಷೆಯನ್ನು ಜಿಲ್ಲಾ ಕೇಂದ್ರದಲ್ಲಿ, ಸರಿಯಾದ ಕಂಪ್ಯೂಟರಿನ ಮುಂದೆ ಕೂರಿಸಿ ಮಾಡಿ. ಹಟ್ಟಿಯಲ್ಲಿ ಕರೆಂಟು ಹೋದದ್ದಕ್ಕೆ, ನೆಟ್‌ವರ್ಕ್ ಕಡಿದದ್ದಕ್ಕೆ ಹುಡುಗಿಯ ಅಂಕ ಯಾಕೆ ಕತ್ತರಿಸಬೇಕು?

ಸರ್ಕಾರವನ್ನು ಕೇಳಬೇಕಾದ್ದು ಇನ್ನೂ ಸರಳ. ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಕಾಲೇಜು ಹಾಸ್ಟೆಲಿನಲ್ಲಿ ರಾತ್ರಿ ಹತ್ತರವರೆಗೆ ಬೀಗ ಹಾಕದ ಒಂದು ಕಂಪ್ಯೂಟರ್ ಕೋಣೆ.

ನಾವು ಮಾಡಬೇಕಾದ್ದೂ ಇದೆ. ಹಳ್ಳಿ ಮೇಷ್ಟ್ರುಗಳೇ,ಕಲಿಸಲು ಎಕ್ಸೆಲ್ಲೇ ಬೇಕು ಅಂತಿಲ್ಲ. ಲಿಬ್ರೆ ಆಫೀಸ್ ಎಂಬ ಪುಕ್ಕಟೆ ತಂತ್ರಾಂಶದ ಕ್ಯಾಲ್ಕ್ ಸಾಕು, ಸೂತ್ರಗಳು ಬಹುಪಾಲು ಅವೇ. ಅಮೆರಿಕದ ಯಾವುದೋ ಅಂಗಡಿಯ ಮಾರಾಟದ ಪಟ್ಟಿ ಹಿಡಿದು ಕಲಿಸಬೇಡಿ. ನಿಮ್ಮೂರಿನ ಸ್ತ್ರೀಶಕ್ತಿ ಸಂಘದ ಪುಸ್ತಕ ತನ್ನಿ. ಇಪ್ಪತ್ತು ಹೆಂಗಸರ ವಾರದ ಉಳಿತಾಯ, ಸಾಲ, ಬಡ್ಡಿ, ಯಾರು ಕಟ್ಟಿದರು, ಯಾರು ಬಾಕಿ. ಅದನ್ನು ಹಾಳೆಗೆ ಏರಿಸಿ, ಒಟ್ಟು ತೆಗೆದು, ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ. ತಾಳೆಯಾಗಲಿಲ್ಲವೇ? ಆಗ ಪಾಠ ಶುರುವಾಯಿತು. ಹಿರಿಯೂರಿನ ಈರುಳ್ಳಿ ಬೆಳೆಗಾರನ ಬೀಜ, ಗೊಬ್ಬರ, ಕೂಲಿ, ಲಾರಿ ಬಾಡಿಗೆ, ಯಶವಂತಪುರ ಮಾರುಕಟ್ಟೆಯ ಚೀಟಿ ಇವನ್ನು ಜೋಡಿಸಿದರೆ ಅವನಿಗೆ ಯಾಕೆ ಏನೂ ಉಳಿಯಲಿಲ್ಲ ಅಂತ ಯಾವ ಕಂಪನಿಯ ಅನಲಿಸ್ಟೂ ತೋರಿಸದ ಪಟ್ಟಿ ಸಿಗುತ್ತದೆ. ಇದನ್ನು ಮಾಡಿದ ಹುಡುಗಿ ಪರೀಕ್ಷೆಗೆ ಹೋದಾಗ ತನ್ನ ಅರ್ಜಿಯ ಜೊತೆ ಆ ಹಾಳೆಯನ್ನೂ ಇಡಲಿ.

ಇನ್ನೊಂದು. ಪರೀಕ್ಷೆ ಬರೆದು ಬಂದವರು ಸುಮ್ಮನೆ ಮನೆಗೆ ಹೋಗಬೇಡಿ. ಏನು ಕೇಳಿದರು, ಎಷ್ಟು ಹೊತ್ತು ಕೊಟ್ಟರು, ಯಾವುದು ತಿಳಿಯಲಿಲ್ಲ, ಅಂದೇ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಅಂಥ ನೂರು ಹಾಳೆ ಈ ಪತ್ರಿಕೆಯ ವಿಳಾಸಕ್ಕೆ ಬಂದರೆ ಒಟ್ಟಿಗೆ ಜೋಡಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಪ್ರಶ್ನೆಪತ್ರಿಕೆ ಅವರ ಗುಟ್ಟು ಅಂತ ನಾವೇನು ಸಹಿ ಹಾಕಿಲ್ಲ. ಹಾಕಿಸಿಕೊಂಡಿದ್ದರೆ ಆ ಕಾಗದವನ್ನು ಮೊದಲು ಓದಿ, ಅದರ ನಕಲನ್ನೂ ಕಳಿಸಿ.